ಒಂದು ಪೆನ್‌ಡ್ರೈವ್, ಇಪ್ಪತ್ತಮೂರು ಸಿಸ್ಟಮ್

₹350, ₹36, ₹1.40. ಮೂರನ್ನೂ ಕೂಡಿದರೆ ₹387 ಚಿಲ್ಲರೆ. ತಿ. ನರಸೀಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಕೂತು ವಿಂಡೋಸ್ ಹಾಕುವ ಬೂಟಬಲ್ ಪೆನ್‌ಡ್ರೈವ್ ಒಂದನ್ನು ತಯಾರು ಮಾಡಿದಾಗ ನಾನು ಚೀಟಿಯಲ್ಲಿ ಬರೆದುಕೊಂಡ ಲೆಕ್ಕ ಇದು. ಮೊದಲನೆಯದು 32 ಜಿಬಿ ಪೆನ್‌ಡ್ರೈವ್‌ಗೆ ಕೊಟ್ಟ ಹಣ, ಎರಡನೆಯದು ಡೇಟಾದ ಬೆಲೆ, ಮೂರನೆಯದು ಕರೆಂಟು. ಕರೆಂಟಿನ ಲೆಕ್ಕವನ್ನೂ ಬರೆದೆಯಾ ಎಂದು ನಗಬೇಡಿ. 100 ವಾಟ್ ಎಳೆಯುವ ಸಿಸ್ಟಮ್ ಎರಡು ಗಂಟೆ ಉರಿದರೆ 0.2 ಯೂನಿಟ್, ಯೂನಿಟ್‌ಗೆ ₹7 ಹಿಡಿದರೆ ₹1.40. ಲೆಕ್ಕ ಎಂದಮೇಲೆ ಚಿಲ್ಲರೆಯನ್ನು ಬಿಡಬಾರದು.

ಅಂಗಡಿ ನನ್ನ ಅಕ್ಕನ ಮಗನದು. ನಾನಿರುವುದು ನಂಜನಗೂಡು. ಅವನ ಹತ್ತಿರ ಮೂರು ಸಿಸ್ಟಮ್ ಇವೆ. ಆಹ್ವಾನ ಪತ್ರಿಕೆ, ಪಹಣಿ, ಸೇವಾ ಸಿಂಧು ಅರ್ಜಿ, ಮಕ್ಕಳ ಪ್ರಾಜೆಕ್ಟು, ಹೀಗೆ ದಿನವಿಡೀ ಕೆಲಸ. ಮೂರರಲ್ಲೂ ವಿಂಡೋಸ್ 10 ಇತ್ತು. 2025ರ ಅಕ್ಟೋಬರ್ 14ಕ್ಕೆ ಮೈಕ್ರೋಸಾಫ್ಟ್ ಅದರ ಮಾಮೂಲಿ ಬೆಂಬಲವನ್ನು ನಿಲ್ಲಿಸಿತು. ಮನೆಬಳಕೆಯವರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಕೊಡುವುದಾಗಿ ಹೇಳಿತು. ಅದಕ್ಕೆ 30 ಡಾಲರ್ ಕಟ್ಟಬೇಕು, ಇಲ್ಲವೇ ಸೆಟ್ಟಿಂಗ್‌ಗಳನ್ನು ಅವರ ಖಾತೆಗೆ ಬ್ಯಾಕಪ್ ಮಾಡಿ ಪುಕ್ಕಟೆ ಪಡೆಯಬೇಕು. ಜನರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ ಸ್ಕ್ಯಾನ್ ಮಾಡುವ ಅಂಗಡಿಗೆ ಬೆಂಬಲ ನಿಲ್ಲುವುದು ಸಣ್ಣ ವಿಷಯವಲ್ಲ. ಹುಡುಗ ಫೋನ್ ಮಾಡಿ, "ಮಾವ, ಮೂರಕ್ಕೂ ಫಾರ್ಮ್ಯಾಟ್ ಹೊಡೀಬೇಕು, ಒಂದ್ಸಲ ಬಂದೋಗು" ಅಂದ.

ವಿಂಡೋಸ್ 10ರ ಜಾಗಕ್ಕೆ ಹಾಕಬೇಕಾದ ಸರಕು ಎಷ್ಟು ದೊಡ್ಡದು ಎಂಬುದನ್ನು ಮೊದಲು ನೋಡೋಣ. 2024ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹಾಕಲು ಇಳಿಸಿಕೊಳ್ಳುವ ಐಎಸ್ಒ ಕಡತ 580 ಕೋಟಿ ಬೈಟ್ ಮೀರುತ್ತದೆ. ಸಾವಿರದ ಲೆಕ್ಕದಲ್ಲಿ 5.8 ಜಿಬಿ. ಅದನ್ನೇ ವಿಂಡೋಸ್ 5.4 ಜಿಬಿ ಎಂದು ತೋರಿಸುತ್ತದೆ, ಏಕೆಂದರೆ ಅದು ಎಣಿಸುವುದು 1,024ರ ಲೆಕ್ಕದಲ್ಲಿ. ಪೆನ್‌ಡ್ರೈವ್ ಕಂಪನಿಯವರು ಎಣಿಸುವುದು ಸಾವಿರದಲ್ಲಿ. 8 ಜಿಬಿ ಎಂದು ಕೊಂಡದ್ದು ಸಿಸ್ಟಮ್‌ಗೆ ಚುಚ್ಚಿದರೆ 7.45 ಎಂದು ಕಾಣುವುದು ಇದರಿಂದಲೇ. ಅಂಗಡಿಯವನು ಅರ್ಧ ಜಿಬಿ ನುಂಗಿದ ಎಂದು ಜಗಳಕ್ಕೆ ಹೋಗಬೇಕಿಲ್ಲ.

1990ರ ದಶಕದಲ್ಲಿ ವಿಂಡೋಸ್ 95 ಫ್ಲಾಪಿಯಲ್ಲೂ ಬರುತ್ತಿತ್ತು, ಒಟ್ಟು 13 ಫ್ಲಾಪಿ. ಇಂದಿನ 5.8 ಜಿಬಿಯನ್ನು ಮಾಮೂಲಿ 1.44 ಎಂಬಿ ಫ್ಲಾಪಿಗಳಿಗೆ ತುಂಬಲು ಹೊರಟರೆ 3,947 ಬೇಕು. ಒಂದೊಂದರ ದಪ್ಪ 3.3 ಮಿಲಿಮೀಟರ್. ಒಂದರ ಮೇಲೊಂದು ಪೇರಿಸಿದರೆ 13 ಮೀಟರ್, ಅಂದರೆ 43 ಅಡಿಯ ಹತ್ತಿರ. ನಮ್ಮ ನಂಜನಗೂಡಿನ ಶ್ರೀಕಂಠೇಶ್ವರನ ಗುಡಿಯ ರಾಜಗೋಪುರ 120 ಅಡಿ. ಅದರ ಮೂರನೇ ಒಂದು ಪಾಲನ್ನು ದಾಟುತ್ತದೆ ಈ ಪೇರಿ. 700 ಎಂಬಿ ಸಿಡಿ ಆದರೆ 8 ಬೇಕು. 4.7 ಜಿಬಿ ಡಿವಿಡಿ ಒಂದಕ್ಕೆ ಹಿಡಿಸುವುದೇ ಇಲ್ಲ. ಮೇಜಿನ ಡ್ರಾಯರಿನಲ್ಲಿ ಉಳಿದಿದ್ದ ಖಾಲಿ ಡಿವಿಡಿಗಳನ್ನು ಹುಡುಗ ನನಗೆ ತೋರಿಸಿದ್ದ. ಅವುಗಳ ಕಾಲ ಮುಗಿಯಿತು.

ಇನ್ನು ಡೇಟಾ. ಚೀಟಿಯಲ್ಲಿ ₹36 ಎಂದು ಬರೆದದ್ದು ಹೀಗೆ. 2024ರ ಜುಲೈ ದರ ಏರಿಕೆಯ ನಂತರ ಜಿಯೊದಲ್ಲಿ ದಿನಕ್ಕೆ 2 ಜಿಬಿ ಕೊಡುವ 28 ದಿನದ ಪ್ಯಾಕ್ ₹349 ಆಯಿತು. ದಿನಕ್ಕೆ ₹12.46, ಜಿಬಿಗೆ ₹6.23, 5.8 ಜಿಬಿಗೆ ₹36. ಅಗ್ಗವೇ ಸರಿ, ಸಮಸ್ಯೆ ಇರುವುದು ದಿನದ ಮಿತಿಯಲ್ಲಿ. 4ಜಿ ಫೋನಿನಲ್ಲಿ 2 ಜಿಬಿ ಮುಗಿದರೆ ವೇಗ 64 ಕೆಬಿಪಿಎಸ್‌ಗೆ ಇಳಿಯುತ್ತದೆ. ಸೆಕೆಂಡಿಗೆ 8 ಕಿಲೋಬೈಟ್. ಉಳಿದ 3.8 ಜಿಬಿಯನ್ನು ಆ ವೇಗದಲ್ಲಿ ಇಳಿಸಲು 132 ಗಂಟೆ ಬೇಕು, ಐದೂವರೆ ದಿನ. ಹಾಗಿದ್ದರೆ ದಿನಕ್ಕೆ 2 ಜಿಬಿಯಂತೆ ಮೂರು ದಿನ ಇಳಿಸೋಣ ಎಂದರೆ ಅದೂ ನಡೆಯದು. ಮೈಕ್ರೋಸಾಫ್ಟ್ ಕೊಡುವ ಐಎಸ್ಒ ಲಿಂಕು 24 ಗಂಟೆಯಷ್ಟೇ ಜೀವಂತ. ರಾತ್ರಿ ಹನ್ನೆರಡಕ್ಕೆ ಮುಂಚೆ 2 ಜಿಬಿ, ಹನ್ನೆರಡು ದಾಟಿದ ಮೇಲೆ ಇನ್ನೊಂದು 2 ಜಿಬಿ, ಅಲ್ಲಿಗೆ 4. ಮಿಕ್ಕ 1.8 ಜಿಬಿ ಹಾಗೇ ನೇತಾಡುತ್ತದೆ. ಈ ಪ್ಯಾಕಿನ ಒಂದೇ ಒಂದು 4ಜಿ ಸಿಮ್ ಇರುವ ಹಳ್ಳಿಯ ಮನೆಯಲ್ಲಿ ವಿಂಡೋಸ್ ಐಎಸ್ಒ ಇಳಿಸಲು ಆಗುವುದಿಲ್ಲ ಎಂದು ಗಣಿತವೇ ಹೇಳುತ್ತದೆ. 5ಜಿ ಫೋನು, ಸಿಗ್ನಲ್ಲು ಎರಡೂ ಇದ್ದವರ ಮಾತು ಬೇರೆ.

ನಮ್ಮನ್ನು ಪಾರು ಮಾಡಿದ್ದು ಪಕ್ಕದ ಮೊಬೈಲ್ ಅಂಗಡಿಯ ಫೈಬರ್ ಕನೆಕ್ಷನ್. 30 ಎಂಬಿಪಿಎಸ್ ಬರುತ್ತಿತ್ತು, 26 ನಿಮಿಷದಲ್ಲಿ ಇಳಿಯಿತು. ಅವರು ದುಡ್ಡು ಬೇಡ ಎಂದರು, ಚಹಾ ಕುಡಿಸಿದೆವು. ಚೀಟಿಯಲ್ಲಿ ಮಾತ್ರ ₹36 ಎಂದೇ ಇರಲಿ ಎಂದು ಬಿಟ್ಟೆ.

ಕಡತ ಇಳಿಯಿತಲ್ಲ, ಅಷ್ಟರಲ್ಲಿ ನಾನು ಹೊರಗೆ ಫೋನಿನಲ್ಲಿದ್ದೆ. ಒಳಗೆ ಬಂದರೆ ಹುಡುಗ ಖುಷಿಯಲ್ಲಿ, "ಹಾಕ್ಬುಟ್ಟೆ ಮಾವ" ಅಂದ. ನೋಡಿದರೆ ಹಾಡಿನ ಫೈಲು ಕಾಪಿ ಮಾಡುವ ಹಾಗೆ ಐಎಸ್ಒವನ್ನು ಹಿಡಿದು ಪೆನ್‌ಡ್ರೈವ್‌ಗೆ ಪೇಸ್ಟ್ ಮಾಡಲು ಹೋಗಿದ್ದಾನೆ. ಅದು "ಫೈಲು ತುಂಬಾ ದೊಡ್ಡದು" ಎಂದು ನಿಂತಿದೆ. 32 ಜಿಬಿ ಜಾಗ ಖಾಲಿ ಬಿದ್ದಿದೆ, 5.4 ಜಿಬಿ ಫೈಲು ಹೋಗುತ್ತಿಲ್ಲ. ಅವನ ಮುಖ ನೋಡಬೇಕಿತ್ತು.

ಕಾರಣ ಸರಳ. ಅಂಗಡಿಯಿಂದ ತರುವ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಎಂಬ ಹಳೆಯ ಕ್ರಮದಲ್ಲಿ ಫಾರ್ಮ್ಯಾಟ್ ಆಗಿರುತ್ತವೆ. ಅದರಲ್ಲಿ ಒಂದು ಫೈಲಿನ ಗರಿಷ್ಠ ಅಳತೆ 429,49,67,295 ಬೈಟ್. 4 ಜಿಬಿಗೆ ಒಂದೇ ಒಂದು ಬೈಟು ಕಮ್ಮಿ. ಜಾಗ ಎಷ್ಟೇ ಇರಲಿ, ಆ ಗೆರೆ ದಾಟಿದ ಫೈಲನ್ನು ಅದು ಒಳಗೆ ಬಿಟ್ಟುಕೊಳ್ಳದು. ಬೇರೆ ಕ್ರಮದಲ್ಲಿ ಫಾರ್ಮ್ಯಾಟ್ ಮಾಡಿ ಪೇಸ್ಟ್ ಮಾಡಿದ್ದರೂ ಸಿಸ್ಟಮ್ ಅದರಿಂದ ಏಳುತ್ತಿರಲಿಲ್ಲ. ಐಎಸ್ಒ ಎಂಬುದು ಕಟ್ಟಿದ ಗಂಟು. ಅದನ್ನು ಬಿಚ್ಚಿ, ಸಿಸ್ಟಮ್ ಆನ್ ಆದಕೂಡಲೇ ಹುಡುಕುವ ಜಾಗದಲ್ಲಿ ಬೂಟ್ ಫೈಲುಗಳನ್ನು ಇಡಬೇಕು. ಆ ಕೆಲಸಕ್ಕೆ ರೂಫಸ್ ಎಂಬ ಸಣ್ಣ ಸಾಧನ ಪುಕ್ಕಟೆ ಸಿಗುತ್ತದೆ. ಮೈಕ್ರೋಸಾಫ್ಟ್‌ನದೇ ಮೀಡಿಯಾ ಕ್ರಿಯೇಷನ್ ಟೂಲ್ ಕೂಡ ಇದೆ. ಅದು ಕನಿಷ್ಠ 8 ಜಿಬಿ ಪೆನ್‌ಡ್ರೈವ್ ಕೇಳುತ್ತದೆ. ನನ್ನ ಸಲಹೆ 16 ಅಥವಾ 32. ವರ್ಷದಿಂದ ವರ್ಷಕ್ಕೆ ಈ ಕಡತ ಊದಿಕೊಳ್ಳುತ್ತಲೇ ಇದೆ.

ರೂಫಸ್‌ನಲ್ಲಿ ಬರೆಯಲು 17 ನಿಮಿಷ ಹಿಡಿಯಿತು. ಸೆಕೆಂಡಿಗೆ 5.7 ಎಂಬಿ. ಯುಎಸ್‌ಬಿ 2.0 ಎಂಬುದರ ಮೇಲೆ 480 ಎಂಬಿಪಿಎಸ್ ಎಂದು ಬರೆದಿರುತ್ತದೆ, ಅದು ಸೆಕೆಂಡಿಗೆ 60 ಎಂಬಿ ಆಗಬೇಕು. ಕೈಗೆ ಬಂದದ್ದು ಹತ್ತರಲ್ಲಿ ಒಂದು ಪಾಲು. ಅಗ್ಗದ ಪೆನ್‌ಡ್ರೈವ್ ಓದುವಾಗ ಚುರುಕು, ಬರೆಯುವಾಗ ಎತ್ತಿನಗಾಡಿ. ಪಟ್ಟಿ ತುಂಬಿ 100 ಎಂದು ತೋರಿಸಿದ ಮೇಲೂ ಪುಟ್ಟ ದೀಪ ಮಿನುಗುತ್ತಿತ್ತು. ಆ ದೀಪ ನಿಲ್ಲುವ ಮುಂಚೆ ಕಿತ್ತರೆ ಅರ್ಧಂಬರ್ಧ ಬರೆದ ಪೆನ್‌ಡ್ರೈವ್ ಕೈಗೆ ಬರುತ್ತದೆ. ಅಂಥದ್ದು ಮೊದಲ ಪರದೆಯವರೆಗೆ ಚೆನ್ನಾಗಿ ಬಂದು 60 ಪರ್ಸೆಂಟಿನಲ್ಲಿ ಕೈಕೊಡುತ್ತದೆ. ಅಷ್ಟರಲ್ಲಿ ಹಳೆಯ ವಿಂಡೋಸ್ ಅಳಿಸಿಹೋಗಿರುತ್ತದೆ.

ಇಳಿಸಿದ ಕಡತ ಸರಿಯಾಗಿದೆಯೇ ಎಂದು ನೋಡುವ ಕೆಲಸವನ್ನು ನಮ್ಮ ಕಡೆ ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ. ಖರ್ಚು ಸೊನ್ನೆ, ಸಮಯ ಒಂದು ನಿಮಿಷ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಎಂಬ ಆದೇಶ ಕೊಟ್ಟರೆ 64 ಅಕ್ಷರಗಳ ಒಂದು ಸರಣಿ ಬರುತ್ತದೆ. ಕಂಪನಿ ಪ್ರಕಟಿಸಿದ ಸರಣಿಯೊಂದಿಗೆ ಹೋಲಿಸಿದರೆ ಆಯಿತು. 5.8 ಜಿಬಿಯಲ್ಲಿ ಒಂದೇ ಒಂದು ಬಿಟ್ ಹೆಚ್ಚುಕಮ್ಮಿ ಆಗಿದ್ದರೂ ಇಡೀ ಸರಣಿ ಬದಲಾಗಿರುತ್ತದೆ.

ಪೆನ್‌ಡ್ರೈವ್ ಕೊಳ್ಳುವಾಗಲೂ ಒಂದು ಮಾತು. ₹400ಕ್ಕೆ 2 ಟಿಬಿ ಎಂದು ಆನ್‌ಲೈನಿನಲ್ಲಿ ಮಾರುತ್ತಾರೆ. ಜಿಬಿಗೆ 20 ಪೈಸೆ! ನಾನು ₹350ಕ್ಕೆ ತಂದದ್ದು ಜಿಬಿಗೆ ಸುಮಾರು ₹11 ಬಿತ್ತು. ಐವತ್ತು ಪಟ್ಟಿಗೂ ಹೆಚ್ಚು ಅಗ್ಗ ಎಂದರೆ ಒಳಗೆ ಸುಳ್ಳು ಇದೆ ಎಂದೇ ಅರ್ಥ. ಅಂಥವು ಇಲ್ಲದ ಜಾಗವನ್ನು ಇದೆ ಎಂದು ತೋರಿಸಿ, ತುಂಬಿದ ಮೇಲೆ ಹಳೆಯದರ ಮೇಲೆಯೇ ಬರೆಯುತ್ತಾ ಹೋಗುತ್ತವೆ.

ಇಷ್ಟೆಲ್ಲ ಆಗಿ ಪೆನ್‌ಡ್ರೈವ್ ಚುಚ್ಚಿ, ಆನ್ ಮಾಡುವಾಗ ಎಫ್12 ಒತ್ತಿದೆವು. ಅವನದು ಡೆಲ್, ಎಚ್‌ಪಿ ಆದರೆ ಎಫ್9. ಬಂದ ಮೊದಲ ಪರದೆಯೇ ಭಾಷೆ ಆರಿಸಿ ಎನ್ನುತ್ತದೆ. ವಿಂಡೋಸ್ 11ರ ಐಎಸ್ಒ 38 ಭಾಷೆಗಳಲ್ಲಿ ಸಿಗುತ್ತದೆ. ಎಸ್ಟೋನಿಯನ್ ಇದೆ, ಸ್ಲೊವೇನಿಯನ್ ಇದೆ. ಕನ್ನಡ ಇಲ್ಲ. ಹಿಂದಿಯೂ ಇಲ್ಲ, ತಮಿಳೂ ಇಲ್ಲ. ಭಾರತದ ಭಾಷೆ ಒಂದೂ ಇಲ್ಲ. ಇಂಗ್ಲಿಷಿನಲ್ಲಿ ಹಾಕಿಕೊಂಡು ಆಮೇಲೆ ಕನ್ನಡದ ಭಾಷಾ ಪ್ಯಾಕ್ ಬೇರೆಯಾಗಿ ಇಳಿಸಿಕೊಳ್ಳಬೇಕು, ಅದೂ ಪರದೆಯ ಎಲ್ಲವನ್ನೂ ಕನ್ನಡ ಮಾಡುವುದಿಲ್ಲ. ಎಸ್ಟೋನಿಯನ್ ಮಾತಾಡುವವರು ಸುಮಾರು 11 ಲಕ್ಷ. 2011ರ ಜನಗಣತಿಯಂತೆ ಕನ್ನಡ ತಾಯ್ನುಡಿಯವರು 4.37 ಕೋಟಿ. ಡೆಬಿಯನ್ ಲಿನಕ್ಸ್‌ನಲ್ಲಿ ಇನ್‌ಸ್ಟಾಲ್ ಮಾಡುವ ಪರದೆಯೇ ಕನ್ನಡದಲ್ಲಿ ಬರುತ್ತದೆ, ಅದನ್ನು ಮಾಡಿದವರು ಸಂಬಳ ಪಡೆಯದ ಸ್ವಯಂಸೇವಕರು. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಸುಮ್ಮನಾಗುತ್ತೇನೆ.

ಮೂರರಲ್ಲಿ ಎರಡಕ್ಕೆ ವಿಂಡೋಸ್ 11 ಕೂತಿತು. ಮೂರನೆಯದು ಒಪ್ಪಲಿಲ್ಲ. ವಿಂಡೋಸ್ 11ಕ್ಕೆ 4 ಜಿಬಿ ರ್‍ಯಾಮ್, 64 ಜಿಬಿ ಜಾಗ ಸಾಕು, ಅವೆರಡೂ ಅದರಲ್ಲಿದ್ದವು. ತಡೆದದ್ದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಮತ್ತು ಪ್ರೊಸೆಸರ್. ಇಂಟೆಲ್ ಆದರೆ ಹೆಚ್ಚುಕಮ್ಮಿ ಎಂಟನೇ ತಲೆಮಾರಿನಿಂದ ಈಚಿನದೇ ಬೇಕು. ಮೈಸೂರಿನಿಂದ ಸೆಕೆಂಡ್ಸ್‌ನಲ್ಲಿ ತಂದ ಆ ಸಿಸ್ಟಮ್ ನಾಲ್ಕನೇ ತಲೆಮಾರಿನದು. ತಪಾಸಣೆಯನ್ನು ದಾಟಿಸುವ ಆಯ್ಕೆ ರೂಫಸ್‌ನಲ್ಲಿ ಇದೆ. ದುಡಿಯುವ ಅಂಗಡಿಯ ಸಿಸ್ಟಮ್‌ಗೆ ನಾನು ಹಾಗೆ ಮಾಡುವುದಿಲ್ಲ. ಮುಂದಿನ ಅಪ್‌ಡೇಟ್‌ನಲ್ಲಿ ಅದು ಏನು ಮಾಡುತ್ತದೋ ಹೇಳಲಾಗದು.

ಲೈಸೆನ್ಸಿನ ವಿಚಾರ ಬಂದಾಗ ನಮ್ಮೂರುಗಳಲ್ಲಿ ಒಂದು ಮೌನ ಆವರಿಸುತ್ತದೆ. ವಿಂಡೋಸ್ 11 ಹೋಮ್‌ಗೆ ಅಮೆರಿಕದಲ್ಲಿ 139 ಡಾಲರ್. ರೂಪಾಯಿಗೆ ತಿರುಗಿಸಿದರೆ ₹12,000ದ ಆಸುಪಾಸು. ₹400ಕ್ಕೆ ಫಾರ್ಮ್ಯಾಟ್ ಹೊಡೆದುಕೊಡುವ ಕಡೆ ಅದು ಎಲ್ಲಿಂದ ಬರಬೇಕು? ಆ್ಯಂಟಿವೈರಸ್ ಆಫ್ ಮಾಡಿಸಿ, ಆ್ಯಕ್ಟಿವೇಟರ್ ಎಂಬ ಇನ್ನೊಂದು ಫೈಲು ಓಡಿಸುತ್ತಾರೆ. ಬೀಗ ತೆಗೆದಿಟ್ಟು ಕಳ್ಳನನ್ನು ಕರೆದ ಹಾಗೆ. ಬೇಸರದ ಸಂಗತಿಯೆಂದರೆ ಅನೇಕರಿಗೆ ಅದರ ಅಗತ್ಯವೇ ಇರುವುದಿಲ್ಲ. ವಿಂಡೋಸ್ 8 ಅಥವಾ ಆಮೇಲಿನದ್ದು ಹಾಕಿಕೊಂಡೇ ಕಂಪನಿಯಿಂದ ಬಂದ ಲ್ಯಾಪ್‌ಟಾಪಿನಲ್ಲಿ ಕೀ ಮದರ್‌ಬೋರ್ಡಿನಲ್ಲೇ ಕೂತಿರುತ್ತದೆ. ಅಸಲಿ ವಿಂಡೋಸ್ 10 ಇದ್ದ, ಅರ್ಹ ಸಿಸ್ಟಮ್‌ನಲ್ಲಿ ಅದೇ ಆವೃತ್ತಿಯ 11 ಹಾಕಿ ನೆಟ್ ಕೊಟ್ಟರೆ ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ. ಹುಡುಗನ ಎರಡೂ ಹಾಗೇ ಆದವು. ಖರ್ಚು ಸೊನ್ನೆ.

ಈ ಇಡೀ ವ್ಯವಹಾರದಲ್ಲಿ ದುಬಾರಿ ಬಾಬ್ತು ಯಾವುದೆಂದು ನನಗೆ ತಿಳಿದದ್ದು ಕೈ ಸುಟ್ಟುಕೊಂಡ ಮೇಲೆ. ಕೆಲವು ವರ್ಷಗಳ ಹಿಂದೆ ನನ್ನ ಲ್ಯಾಪ್‌ಟಾಪನ್ನು ಒಂದು ಅಂಗಡಿಗೆ ಕೊಟ್ಟಿದ್ದೆ. "ಡಿ ಡ್ರೈವ್ ಮುಟ್ಟಲ್ಲ ಸಾರ್, ಸಿ ಒಂದೇ ಹೊಡಿಯೋದು" ಎಂದರು. ಸರಿ ಎಂದೆ. ಅವರು ಆಡಿದ್ದರಲ್ಲಿ ಸುಳ್ಳಿರಲಿಲ್ಲ. ಡೆಸ್ಕ್‌ಟಾಪಿನ ಮೇಲೆ ಇಟ್ಟದ್ದೆಲ್ಲ ಸಿ ಡ್ರೈವ್‌ನಲ್ಲೇ ಇರುತ್ತದೆ ಎಂದು ಅವರು ಹೇಳಲಿಲ್ಲ, ನಾನು ಕೇಳಲಿಲ್ಲ. ನನ್ನ ತಂದೆ ಊರಿನ ಬಗ್ಗೆ ಬರೆದಿದ್ದ ಟಿಪ್ಪಣಿಗಳನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ಡೆಸ್ಕ್‌ಟಾಪಿನಲ್ಲೇ ಇಟ್ಟಿದ್ದೆ, 62 ಪುಟ. ಹೋಯಿತು. ಪುಣ್ಯಕ್ಕೆ ಕೈಬರಹದ ನೋಟ್‌ಬುಕ್ ಉಳಿದಿತ್ತು. ಪುಟಕ್ಕೆ ₹30ರಂತೆ ಮತ್ತೆ ಟೈಪ್ ಮಾಡಿಸಲು ₹1,860 ಆಯಿತು. ಫಾರ್ಮ್ಯಾಟ್‌ಗೆ ಕೊಟ್ಟದ್ದು ₹400. ನೋಟ್‌ಬುಕ್ ಇಲ್ಲದಿದ್ದರೆ ಯಾವ ಅಂಕಿ ಬರೆಯಬೇಕಿತ್ತೋ.

ಆದ್ದರಿಂದ ನರಸೀಪುರದಲ್ಲಿ ಮೊದಲ ದಿನ ಫಾರ್ಮ್ಯಾಟ್ ಹೊಡೆಯಲೇ ಇಲ್ಲ. ಮೂರು ಸಿಸ್ಟಮ್‌ಗಳಿಂದ ಒಟ್ಟು 120 ಜಿಬಿ ತೆಗೆದು ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿದೆವು. ಸೆಕೆಂಡಿಗೆ 30 ಎಂಬಿ ಬಂದರೆ 67 ನಿಮಿಷದ ಕೆಲಸ. ಸಣ್ಣ ಸಣ್ಣ ಫೈಲುಗಳೇ ಸಾವಿರಾರು ಇದ್ದದ್ದರಿಂದ ಸಂಜೆ ಆಯಿತು. ಕಾಪಿ ಆದ ಹತ್ತಾರು ಫೈಲುಗಳನ್ನು ತೆರೆದು ನೋಡಿದೆವು. ಹಾಗಾಗಿ ನಿಜವಾದ ಲೆಕ್ಕ ಇದು: ಪೆನ್‌ಡ್ರೈವ್ ತಯಾರಿಗೆ ಎರಡು ಗಂಟೆ, ಬ್ಯಾಕಪ್‌ಗೆ ಅರ್ಧ ದಿನ. ಫಾರ್ಮ್ಯಾಟ್‌ಗೆ ₹400 ಕೇಳಿದರೆ ಅದರಲ್ಲಿ ₹300 ಬ್ಯಾಕಪ್‌ನದ್ದು ಎಂದು ತಿಳಿದು ಕೊಡಿ. ಬ್ಯಾಕಪ್ ಮಾಡದವರಿಗೆ ₹100 ಕೊಟ್ಟರೂ ದಂಡ.

ಮೂರನೇ ಸಿಸ್ಟಮ್‌ಗೆ ಲಿನಕ್ಸ್ ಮಿಂಟ್ 22 ಹಾಕಿದೆವು. 2024ರ ಜುಲೈನಲ್ಲಿ ಬಂದದ್ದು, 2029ರವರೆಗೆ ಬೆಂಬಲ ಇದೆ. ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಸುಮಾರು 2.8 ಜಿಬಿ, ಡೇಟಾದ ಲೆಕ್ಕದಲ್ಲಿ ₹17. ಟೊರೆಂಟ್‌ನಲ್ಲಿ ಇಳಿಸಿದರೆ 24 ಗಂಟೆಯ ಗಡುವಿಲ್ಲ. ಇವತ್ತು ಒಂದಿಷ್ಟು, ನಾಳೆ ಒಂದಿಷ್ಟು ಎಂದು 4ಜಿ ಸಿಮ್‌ನಲ್ಲೇ ಎರಡು ದಿನದಲ್ಲಿ ಮುಗಿಸಬಹುದು. ಡೆಬಿಯನ್‌ನ ನೆಟ್‌ಇನ್‌ಸ್ಟ್ 1 ಜಿಬಿಗೂ ಕಡಿಮೆ ಎಂದು ಅದರತ್ತ ಹೋಗುವವರಿದ್ದಾರೆ. ಒಂದು ಸಿಸ್ಟಮ್‌ಗೆ ಸರಿ. ಅದು ಮಿಕ್ಕದ್ದನ್ನು ಹಾಕುವಾಗ ನೆಟ್‌ನಿಂದ ಎಳೆಯುತ್ತದೆ. ಸಿಸ್ಟಮ್‌ಗೆ ಇನ್ನೊಂದು ಜಿಬಿ ಎಂದು ಹಿಡಿದರೂ ಹತ್ತು ಸಿಸ್ಟಮ್‌ಗೆ 10 ಜಿಬಿ. ಮಿಂಟ್ ಆದರೆ 2.8 ಜಿಬಿ ಒಂದೇ ಸಲ.

ಇಲ್ಲಿಯೇ ಹುಡುಗನ ತಪ್ಪಿಗೆ ಮರ್ಯಾದೆ ಬಂತು. 2020ರಲ್ಲಿ ಬಂದ ವೆಂಟಾಯ್ ಎಂಬ ಸಾಧನವನ್ನು ಪೆನ್‌ಡ್ರೈವ್‌ಗೆ ಒಮ್ಮೆ ಹಾಕಿಬಿಟ್ಟರೆ, ಆಮೇಲೆ ಐಎಸ್ಒಗಳನ್ನು ಹಾಡು ಕಾಪಿ ಮಾಡಿದಂತೆಯೇ ಅದರೊಳಗೆ ಎಸೆಯಬಹುದು. ಸಿಸ್ಟಮ್ ಆನ್ ಮಾಡಿದಾಗ ಯಾವುದು ಬೇಕು ಎಂದು ಪಟ್ಟಿ ಕೊಡುತ್ತದೆ. ರೂಫಸ್‌ನಲ್ಲಿ ಬರೆದದ್ದನ್ನು ಅಳಿಸಿ ಹಾಗೇ ಮಾಡಿದೆವು. 5.8 ಮತ್ತು 2.8, ಒಟ್ಟು 8.6 ಜಿಬಿ, 32ರಲ್ಲಿ ಇನ್ನೂ ಮುಕ್ಕಾಲು ಪಾಲು ಖಾಲಿ. "ನಾನ್ ಮೊದ್ಲೇ ಹಂಗೇ ಮಾಡ್ದೆ ತಾನೆ ಮಾವ" ಎಂದು ಅವನು ಈಗಲೂ ಅನ್ನುತ್ತಾನೆ.

ಲಿನಕ್ಸ್ ಎಲ್ಲಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. ಬೆರಳ ಗುರುತು ಓದುವ ಯಂತ್ರ, ಡಿಜಿಟಲ್ ಸಹಿಯ ಟೋಕನ್ ಇಟ್ಟುಕೊಂಡ ಅಂಗಡಿಗೆ ವಿಂಡೋಸ್ ಬೇಕೇ ಬೇಕಾಗುವ ಸಂದರ್ಭ ಹೆಚ್ಚು. ಯೂನಿಕೋಡ್ ಅಲ್ಲದ ಹಳೆಯ ನುಡಿ ಫೈಲುಗಳು ಆ ಫಾಂಟ್ ಇಲ್ಲದ ಕಡೆ ಕಲಸುಮೇಲೋಗರವಾಗಿ ಕಾಣುತ್ತವೆ. ಹೊಸದಾಗಿ ಟೈಪ್ ಮಾಡುವುದಕ್ಕೆ ಅಡ್ಡಿಯಿಲ್ಲ, ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೇ ಲಿನಕ್ಸ್‌ನಲ್ಲೂ ಸಿಗುತ್ತದೆ. ಹುಡುಗ ಆ ಮೂರನೆಯದನ್ನು ಪ್ರಿಂಟು, ಸ್ಕ್ಯಾನು, ಬ್ರೌಸಿಂಗ್‌ಗೆ ಇಟ್ಟಿದ್ದಾನೆ.

ಶಾಲೆಗಳ ಲ್ಯಾಬಿಗೆ ಮಾತ್ರ ಈ ಲೆಕ್ಕ ಜೋರಾಗಿ ಹೊಡೆಯುತ್ತದೆ. ಟಿಪಿಎಂ ಇಲ್ಲದ 10 ಸಿಸ್ಟಮ್ ಇವೆ ಎನ್ನಿ. ಹೊಸವು ತಲಾ ₹30,000 ಎಂದರೆ ₹3 ಲಕ್ಷ. ಅವನ್ನೇ ಉಳಿಸಿಕೊಂಡು ತಲಾ ₹2,000ದ ಎಸ್‌ಎಸ್‌ಡಿ ಹಾಕಿದರೆ ₹20,000. ಮಿಂಟ್ ಪೆನ್‌ಡ್ರೈವ್‌ಗೆ ₹367. ಗಡಿಯಾಚೆ ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿದಂತೆ ಕೇರಳದ ಶಾಲೆಗಳು ಉಬುಂಟು ಆಧಾರಿತ ತಮ್ಮದೇ ವ್ಯವಸ್ಥೆಯನ್ನು ವರ್ಷಗಳಿಂದ ಬಳಸುತ್ತಿವೆ. ಅಲ್ಲಿನ ಕೈಟ್ ಸಂಸ್ಥೆ 2019ರಲ್ಲಿ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳಿಗೆ ₹3,000 ಕೋಟಿ ಉಳಿತಾಯ ಎಂದಿತು. ಭಾಗಿಸಿದರೆ ಕಂಪ್ಯೂಟರಿಗೆ ₹1.5 ಲಕ್ಷ. ಇದು ಕಾಸು ಕೊಟ್ಟು ಕೊಳ್ಳಬೇಕಾದ ಪ್ರತಿಯೊಂದು ತಂತ್ರಾಂಶದ ಪೂರ್ತಿ ಬೆಲೆ ಹಿಡಿದ ಲೆಕ್ಕ, ಯಾವ ಶಾಲೆಯೂ ಅಷ್ಟನ್ನೆಲ್ಲ ಕೊಳ್ಳುತ್ತಿರಲಿಲ್ಲ ಎಂದು ನನ್ನ ಅನಿಸಿಕೆ. ಹತ್ತರಲ್ಲಿ ಒಂದು ಪಾಲು ನಿಜವೆಂದರೂ ₹300 ಕೋಟಿ.

ಒಂದು ಕಾಲದಲ್ಲಿ ಉಬುಂಟು ಸಿಡಿಗಳನ್ನು ಕೇಳಿದವರ ಮನೆಗೆ ಅಂಚೆಯಲ್ಲಿ ಪುಕ್ಕಟೆ ಕಳಿಸುತ್ತಿದ್ದರು, 2005ರಿಂದ 2011ರವರೆಗೆ. ಡೇಟಾ ಅಗ್ಗವಾಯಿತು, ಆ ಸೇವೆ ನಿಂತಿತು. ಈಗ ಅಂಚೆಯವನ ಕೆಲಸವನ್ನು ಅಕ್ಕನ ಮಗ ಮಾಡುತ್ತಿದ್ದಾನೆ. ಪೆನ್‌ಡ್ರೈವ್‌ಗೆ ಬಿಳಿ ಟೇಪು ಸುತ್ತಿ, ಐಎಸ್ಒ ಇಳಿಸಿದ ತಾರೀಕನ್ನು ಪೆನ್ನಿನಲ್ಲಿ ಬರೆದಿದ್ದಾನೆ. ಅದು ತಲಕಾಡಿಗೆ ಹೋಗಿ ಬಂದಿದೆ, ಸುತ್ತೂರಿನ ಕಡೆಗೆ ಹೋಗಿ ಬಂದಿದೆ, ನಂಜನಗೂಡಿನಲ್ಲಿ ನನ್ನ ಹತ್ತಿರ ಎರಡು ವಾರ ಇತ್ತು. ಇಲ್ಲಿಯವರೆಗೆ 15 ಸಿಸ್ಟಮ್‌ಗೆ ವಿಂಡೋಸ್, 8ಕ್ಕೆ ಮಿಂಟ್. ಮಿಂಟ್‌ನ ಡೇಟಾವೂ ಸೇರಿ ಒಟ್ಟು ಖರ್ಚು ₹405. ತಲಾ ₹17.60.